ಕಫೀಲ್ ಎಂದರೆ ಯಾರು?



ಕಫೀಲ್ ಎಂಬ ಪದವನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮಂಗಳೂರು, ಉಡುಪಿ, ಭಟ್ಕಳ ಕಡೆಯ ಮನೆಗಳಲ್ಲಿ ಅಕ್ಷರ ಬಾರದ ಅಜ್ಜಿಗೂ ಅದು ಗೊತ್ತು. ಮಗನಿಗೆ ರಜೆ ಕೊಡುವವನು ಕಫೀಲ್. ಪಾಸ್‌ಪೋರ್ಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವವನು ಕಫೀಲ್. ಇಖಾಮ ನವೀಕರಿಸುವವನು, ನವೀಕರಿಸದೆ ಸತಾಯಿಸುವವನು, ಸಿಟ್ಟು ಬಂದರೆ ‘ಹುರೂಬ್’ ಎಂದು ಬರೆಸಿ ಓಡಿಹೋದವನ ಪಟ್ಟಿಗೆ ಸೇರಿಸುವವನು, ಎಲ್ಲವೂ ಅವನೇ. ತಂದೆಯ ಮಯ್ಯಿತ್ ನೋಡಲು ಮಗ ಏಕೆ ಬರಲಿಲ್ಲವೆಂದು ಕೇಳಿದರೆ ‘ಕಫೀಲ್ ಬಿಡಲಿಲ್ಲ’ ಎಂಬ ಉತ್ತರ ಸಾಕು. ಮತ್ತೆ ಯಾರೂ ಪ್ರಶ್ನಿಸುವುದಿಲ್ಲ.

ಆದರೆ ಇದೇ ಪದ ಪವಿತ್ರ ಕುರ್‌ಆನಿನಲ್ಲಿ ಎಲ್ಲಿ ಬಂದಿದೆಯೆಂದು ಎಂದಾದರೂ ಗಮನಿಸಿದ್ದೀರಾ? ಆಲು ಇಮ್ರಾನ್ ಅಧ್ಯಾಯದ 37ನೇ ಸೂಕ್ತವನ್ನು ತೆರೆದು ನೋಡಿರಿ. ಬಾಲೆ ಮರ್ಯಮ್‌ರನ್ನು ಪ್ರವಾದಿ ಝಕರಿಯ್ಯಾ(ಅ)ರ ಪೋಷಣೆಗೆ ಒಪ್ಪಿಸಿದ ಸಂದರ್ಭವದು. ಅಲ್ಲಿ ಬಳಕೆಯಾಗಿರುವುದು ಕಫಾಲತ್‌ನ ಧಾತುವೇ. ಅದೇ ಅಧ್ಯಾಯದ 44ನೇ ಸೂಕ್ತದಲ್ಲಿ, ಆಕೆಯ ಹೊಣೆ ಯಾರಿಗೆ ಸಿಗಬೇಕೆಂದು ಆರಾಧನಾಲಯದ ಹಿರಿಯರು ತಂತಮ್ಮ ಲೇಖನಿಗಳನ್ನೆಸೆದು ನಿರ್ಧರಿಸಿದ ಪ್ರಸ್ತಾಪವಿದೆ. ಒಂದು ಮಗುವಿನ ಭಾರ ಹೊರಲು ಅವರಲ್ಲಿ ಪೈಪೋಟಿಯಿತ್ತು! ಅನಾಥನ ಕಫೀಲ್ ಆದವನು ಸ್ವರ್ಗದಲ್ಲಿ ತಮಗೆಷ್ಟು ಹತ್ತಿರವಿರುವನೆಂಬುದನ್ನು ಪ್ರವಾದಿವರ್ಯರು(ಸ) ತಮ್ಮ ಎರಡು ಬೆರಳುಗಳನ್ನು ಎತ್ತಿ ತೋರಿಸಿದರು. ಇದಕ್ಕಿಂತಲೂ ನಡುಗಿಸುವ ಮಾತು ಅನ್ನಹ್ಲ್ ಅಧ್ಯಾಯದ 91ನೇ ಸೂಕ್ತದಲ್ಲಿದೆ. ಕೊಟ್ಟ ಮಾತನ್ನು, ಮಾಡಿದ ಕರಾರನ್ನು ಮುರಿಯಬೇಡಿರಿ, ಏಕೆಂದರೆ ಅಲ್ಲಾಹನನ್ನೇ ನೀವು ಅದಕ್ಕೆ ಕಫೀಲ್ ಆಗಿ ನಿಲ್ಲಿಸಿದ್ದೀರಿ ಎಂಬುದು ಅದರ ಆಶಯ.

ಝಕರಿಯ್ಯಾ(ಅ) ಕಫೀಲ್. ಅನಾಥನನ್ನು ಸಾಕುವವನು ಕಫೀಲ್. ಕರಾರುಗಳ ಮೇಲೆ ಸ್ವತಃ ಅಲ್ಲಾಹನು ಕಫೀಲ್. ಇನ್ನೊಬ್ಬನ ಭಾರವನ್ನು ತನ್ನ ಹೆಗಲಿಗೆ ತೆಗೆದುಕೊಳ್ಳುವವನಿಗೆ ಇದ್ದ ಈ ಹೆಸರು ಇನ್ನೊಬ್ಬನ ಕುತ್ತಿಗೆಗೆ ಹಗ್ಗ ಕಟ್ಟಿ ಹಿಡಿಯುವವನ ಹೆಸರಾದದ್ದು ಹೇಗೆ?

ಈ ಪದ್ಧತಿ ಶರೀಅತ್‌ನಿಂದ ಬಂದುದೆಂದು ನಮ್ಮಲ್ಲಿ ಹಲವರ ಗ್ರಹಿಕೆ. ಪದ ಅರಬಿಯಾದ ಮಾತ್ರಕ್ಕೆ ಪದ್ಧತಿ ಇಸ್ಲಾಮಿನದ್ದಾಗುವುದಿಲ್ಲ. ಕೊಲ್ಲಿಯಲ್ಲಿ ಮುತ್ತು ತೆಗೆಯುವ ಕಸುಬು ನಡೆಯುತ್ತಿದ್ದ ಕಾಲದಲ್ಲಿ, ವಿಶೇಷವಾಗಿ 1920ರ ದಶಕದ ಬಹ್ರೈನಿನಲ್ಲಿ, ಹೊರಗಿನಿಂದ ಬಂದ ದುಡಿಮೆಗಾರರ ಮೇಲೆ ಕಣ್ಣಿಡಲು ಬ್ರಿಟಿಷ್ ಅಧಿಕಾರಿಗಳು ಮಾಡಿದ ಏರ್ಪಾಡುಗಳಲ್ಲಿ ಇದರ ಬೇರುಗಳನ್ನು ಇತಿಹಾಸಕಾರರು ಗುರುತಿಸಿದ್ದಾರೆ. 1973ರ ಬಳಿಕ ತೈಲದ ಬೆಲೆ ಏರಿತು. ಕಟ್ಟಡ, ರಸ್ತೆ, ಬಂದರುಗಳಿಗೆ ಲಕ್ಷಗಟ್ಟಲೆ ಕೈಗಳು ಬೇಕಾದವು. ಆಗ ಈ ಏರ್ಪಾಡು ಎಲ್ಲೆಡೆ ಗಟ್ಟಿಯಾಯಿತು. ಹೊರದೇಶದ ಕಾರ್ಮಿಕನ ಜವಾಬ್ದಾರಿಯನ್ನು ಸರಕಾರ ತಾನು ಹೊರದೆ ಒಬ್ಬ ಖಾಸಗಿ ವ್ಯಕ್ತಿಗೆ ವಹಿಸಿತು. ಹೊಣೆಯ ಜೊತೆ ಅಧಿಕಾರವನ್ನೂ ಕೊಟ್ಟಿತು. ಕ್ರಮೇಣ ಹೊಣೆ ಮರೆತುಹೋಗಿ ಅಧಿಕಾರ ಉಳಿಯಿತು.

ಈ ಅಧಿಕಾರದ ಕೆಳಗೆ ಬದುಕುವವರು ಸಣ್ಣ ಸಂಖ್ಯೆಯವರಲ್ಲ. ಸೌದಿ ಅರೇಬಿಯದ 2022ರ ಜನಗಣತಿಯ ಪ್ರಕಾರ ಅಲ್ಲಿನ ಸುಮಾರು 3 ಕೋಟಿ 22 ಲಕ್ಷ ಜನರಲ್ಲಿ 1 ಕೋಟಿ 34 ಲಕ್ಷ ಮಂದಿ ಆ ದೇಶದ ಪ್ರಜೆಗಳಲ್ಲ. ಕತಾರ್ ಮತ್ತು ಯುಎಇಗಳಲ್ಲಿ ಹತ್ತು ಜನರಲ್ಲಿ ಪ್ರಜೆಗಳು ಹೆಚ್ಚುಕಡಿಮೆ ಒಬ್ಬರಷ್ಟೇ. ಕೊಲ್ಲಿಯ ಆರು ದೇಶಗಳಲ್ಲಿ ಭಾರತೀಯರೇ ಸುಮಾರು 90 ಲಕ್ಷ. ವಲಸೆ ಕಾರ್ಮಿಕರ ಮತ್ತು ಅವರ ಕುಟುಂಬಗಳ ಹಕ್ಕುಗಳಿಗಾಗಿ ವಿಶ್ವಸಂಸ್ಥೆ 1990ರ ಡಿಸೆಂಬರ್ 18ರಂದು ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು. ಆ ಆರು ದೇಶಗಳಲ್ಲಿ ಒಂದೂ ಅದನ್ನು ಒಪ್ಪಿಲ್ಲ. ನಮ್ಮ ಭಾರತವೂ ಒಪ್ಪಿಲ್ಲ ಎಂಬುದನ್ನು ಮರೆಯಬಾರದು.

ಇತ್ತೀಚಿನ ವರ್ಷಗಳಲ್ಲಿ ಬದಲಾವಣೆಗಳಾಗಿವೆ. ಕಾರ್ಮಿಕನು ಮಾಲಿಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಾಯಿಸಲು ಬಹ್ರೈನ್ 2009ರಲ್ಲಿಯೇ ದಾರಿ ತೆರೆಯಿತು. ಕುವೈತ್ 2015ರಲ್ಲಿ ಮನೆಕೆಲಸದವರಿಗಾಗಿ ಪ್ರತ್ಯೇಕ ಕಾನೂನು ಮಾಡಿತು. ಕತಾರ್ 2018ರಲ್ಲಿ ಹೆಚ್ಚಿನ ಕಾರ್ಮಿಕರಿಗೆ ದೇಶ ಬಿಡುವ ಅನುಮತಿ ಪತ್ರವನ್ನು ರದ್ದುಗೊಳಿಸಿತು, 2020ರಲ್ಲಿ ಅದನ್ನು ಮನೆಕೆಲಸದವರಿಗೂ ವಿಸ್ತರಿಸಿತು. ಅದೇ ವರ್ಷ ಎನ್‌ಒಸಿಯ ಕಟ್ಟುಪಾಡನ್ನು ತೆಗೆದುಹಾಕಿತು. 2021ರ ಮಾರ್ಚ್‌ನಿಂದ ಎಲ್ಲ ದೇಶದವರಿಗೂ ಒಂದೇ ರೀತಿಯಲ್ಲಿ ಕನಿಷ್ಠ 1,000 ರಿಯಾಲ್ ಸಂಬಳ ಜಾರಿಗೆ ಬಂತು. ಸೌದಿ ಅರೇಬಿಯದಲ್ಲಿಯೂ 2021ರ ಮಾರ್ಚ್ 14ರಿಂದ ಕೆಲಸ ಬದಲಾಯಿಸುವುದು ಮತ್ತು ಊರಿಗೆ ಹೋಗಿ ಬರುವುದು ಸಡಿಲವಾಯಿತು. ಆದರೆ ಮನೆಕೆಲಸದವರು, ಮನೆ ಡ್ರೈವರ್‌ಗಳು, ತೋಟ ಹಾಗೂ ಕುರಿ ಕಾಯುವವರು ಆ ಸುಧಾರಣೆಯ ಹೊರಗೇ ಉಳಿದರು. ಯಾರಿಗೆ ನೆರಳು ಅತಿ ಹೆಚ್ಚು ಬೇಕಿತ್ತೋ ಅವರೇ ಬಿಸಿಲಲ್ಲಿ ಉಳಿದರೆಂದರೆ ತಪ್ಪಲ್ಲ. ನಮ್ಮ ಕರಾವಳಿಯಿಂದ ಹೋದ ಹೌಸ್ ಡ್ರೈವರ್‌ಗಳೆಷ್ಟು ಜನ ಎಂಬುದನ್ನು ನಿಮ್ಮ ಜಮಾಅತ್‌ನಲ್ಲೇ ಎಣಿಸಿ ನೋಡಿರಿ.

ಈ ಸುಧಾರಣೆಗಳ ಕುರಿತು ಅಲ್ಲಿ ಬಿರುಸಿನ ಚರ್ಚೆ ನಡೆಯಿತು. ಕಾರ್ಮಿಕನನ್ನು ಕರೆತರಲು ನಾವು ಖರ್ಚು ಮಾಡಿದ್ದೇವೆ, ಆತ ನಾಳೆ ಪಕ್ಕದ ಕಂಪೆನಿಗೆ ಹೋದರೆ ನಮ್ಮ ಗತಿಯೇನು ಎಂದರು ಉದ್ಯಮಿಗಳು. 2021ರ ಫೆಬ್ರವರಿಯಲ್ಲಿ ಕತಾರಿನ ಶೂರಾ ಕೌನ್ಸಿಲ್ ಈ ಸ್ವಾತಂತ್ರ್ಯಕ್ಕೆ ಕಡಿವಾಣ ಹಾಕುವ ಶಿಫಾರಸುಗಳನ್ನೇ ಮುಂದಿಟ್ಟಿತು. ನಮ್ಮದೇ ನಾಡಿನಲ್ಲಿ ನಾವು ಬೆರಳೆಣಿಕೆಯವರಾಗುತ್ತಿದ್ದೇವೆ ಎಂಬ ಭಯವೂ ಜನರಲ್ಲಿದೆ. ಆ ಭಯವನ್ನು ನಾವು ಇಲ್ಲಿ ಕುಳಿತು ಗೇಲಿ ಮಾಡಬಾರದು. ಪೌರತ್ವ ಕೊಡುವುದು, ಬಿಡುವುದು, ಎಷ್ಟು ಜನರನ್ನು ಒಳಗೆ ಬಿಡಬೇಕೆಂದು ನಿರ್ಧರಿಸುವುದು ಆಯಾ ದೇಶದ ಅಧಿಕಾರ. ಬಂದವನೂ ಒಪ್ಪಿದ ಕರಾರನ್ನು ಪಾಲಿಸಲೇಬೇಕು, ಮುಸ್ಲಿಮನಿಗೆ ಅದು ಧರ್ಮದ ಆಜ್ಞೆ. ಆದರೆ ದುಡಿದ ಕೂಲಿ, ಮೈಯ ಸ್ವಾತಂತ್ರ್ಯ, ಕಾಯಿಲೆ ಬಿದ್ದಾಗ ಔಷಧ, ತಂದೆ ತೀರಿಕೊಂಡಾಗ ಊರಿಗೆ ಬರುವ ಅವಕಾಶ ಇವು ಪೌರತ್ವದ ಜೊತೆ ಬರುವಂಥವೇ? ಆದಮರ ಸಂತತಿಗೆ ಗೌರವ ನೀಡಿದ್ದೇನೆಂದು ಅಲ್ಲಾಹನು ಬನೀ ಇಸ್ರಾಈಲ್ ಅಧ್ಯಾಯದಲ್ಲಿ ಸಾರುವಾಗ ಅಲ್ಲಿ ಪಾಸ್‌ಪೋರ್ಟಿನ ಬಣ್ಣದ ಮಾತಿಲ್ಲ.

ಇನ್ನೊಂದು ಆಕ್ಷೇಪವಿದೆ, ಅದನ್ನು ನಮ್ಮ ಊರಿನವರೂ ಹೇಳುವುದುಂಟು. ಇವೆಲ್ಲ ಪಾಶ್ಚಾತ್ಯರ ಒತ್ತಡ, 2022ರ ಫುಟ್ಬಾಲ್ ವಿಶ್ವಕಪ್ಪಿನ ನೆಪದಲ್ಲಿ ಮುಸ್ಲಿಮ್ ದೇಶವೊಂದಕ್ಕೆ ಮಸಿ ಬಳಿಯುವ ಹುನ್ನಾರ ಎಂದು. ಟೀಕಿಸಿದವರೆಲ್ಲ ಶುದ್ಧ ಮನಸ್ಸಿನವರೆಂದು ನಾವೂ ಹೇಳುವುದಿಲ್ಲ. ತಮ್ಮ ಗಡಿಯಲ್ಲಿ ನಿರಾಶ್ರಿತರನ್ನು ಸಮುದ್ರಕ್ಕೆ ಬಿಟ್ಟವರು ಇತರರಿಗೆ ಪಾಠ ಹೇಳುವಾಗ ನಗು ಬರುವುದು ಸಹಜ. ಆದರೆ ಇಂತಹ ವಿಷಯದಲ್ಲಿ ಪ್ರವಾದಿವರ್ಯರ(ಸ) ನಿಲುವೇನಾಗಿತ್ತು ಎಂಬುದನ್ನು ನೋಡೋಣ.

ಅವರಿಗಿನ್ನೂ ಪ್ರವಾದಿತ್ವ ದೊರೆತಿರಲಿಲ್ಲ. ಸುಮಾರು ಇಪ್ಪತ್ತರ ಹರೆಯ. ಯಮನಿನ ಝಬೀದ್‌ನ ಒಬ್ಬ ವ್ಯಾಪಾರಿ ಮಕ್ಕಾಕ್ಕೆ ಸರಕು ತಂದನು. ಕುರೈಶ್ ಮುಖಂಡ ಆಸ್ ಬಿನ್ ವಾಇಲ್ ಅದನ್ನು ಕೊಂಡು ಹಣ ಕೊಡಲಿಲ್ಲ. ಆ ಪರದೇಶಿ ಬಾಗಿಲು ಬಾಗಿಲಿಗೆ ಅಲೆದನು. ಮಕ್ಕಾದಲ್ಲಿ ಅವನಿಗೆ ಗೋತ್ರವಿಲ್ಲ. ಗೋತ್ರವಿಲ್ಲದವನಿಗೆ ಅಲ್ಲಿ ನ್ಯಾಯವೂ ಇಲ್ಲ. ಅಂದಿನ ಗೋತ್ರವೆಂದರೆ ಇಂದಿನ ಪೌರತ್ವವೆಂದೇ ತಿಳಿಯಿರಿ. ಕೊನೆಗೆ ಆತ ಕಅಬಾದ ಪಕ್ಕದ ಅಬೂ ಕುಬೈಸ್ ಬೆಟ್ಟವೇರಿ, ಕುರೈಶರು ಕೂಡಿ ಕುಳಿತಿದ್ದ ಹೊತ್ತಿನಲ್ಲಿ ತನಗಾದ ಅನ್ಯಾಯವನ್ನು ಕೂಗಿ ಹೇಳಿದನು. ಕೆಲವರ ಮನಸ್ಸು ಕಲಕಿತು. ಅಬ್ದುಲ್ಲಾ ಬಿನ್ ಜುದ್‌ಆನ್ ಎಂಬವನ ಮನೆಯಲ್ಲಿ ಸೇರಿ ಅವರೊಂದು ಪ್ರತಿಜ್ಞೆ ಮಾಡಿದರು. ಮಕ್ಕಾದಲ್ಲಿ ಅನ್ಯಾಯಕ್ಕೊಳಗಾದವನು ಊರಿನವನಿರಲಿ, ಹೊರಗಿನವನಿರಲಿ, ಅವನ ಹಕ್ಕು ಅವನಿಗೆ ಸಿಗುವವರೆಗೆ ಎಲ್ಲರೂ ಒಂದೇ ಕೈಯಾಗಿ ನಿಲ್ಲುವುದೆಂದು. ನೇರವಾಗಿ ಆಸ್‌ನ ಬಳಿಗೆ ಹೋಗಿ ಸರಕನ್ನು ಬಿಡಿಸಿಕೊಟ್ಟರು. ಚರಿತ್ರೆಯಲ್ಲಿ ಇದಕ್ಕೆ ಹಿಲ್ಫುಲ್ ಫುಝೂಲ್ ಎಂದು ಹೆಸರು.

ಆ ಸಭೆಯಲ್ಲಿ ಮುಹಮ್ಮದ್(ಸ) ಇದ್ದರು. ಎಷ್ಟೋ ವರ್ಷಗಳ ನಂತರ, ಪ್ರವಾದಿಯಾದ ಮೇಲೆ ಅದನ್ನು ನೆನೆದು, ಕೆಂಪು ಒಂಟೆಗಳ ಹಿಂಡನ್ನು ಕೊಟ್ಟರೂ ಆ ಭಾಗ್ಯವನ್ನು ಬಿಟ್ಟುಕೊಡಲಾರೆ, ಇಸ್ಲಾಮ್ ಬಂದ ಬಳಿಕವೂ ಅಂತಹ ಕರೆ ಬಂದರೆ ಓಗೊಡುವೆನೆಂಬ ಅರ್ಥದಲ್ಲಿ ಮಾತನಾಡಿದರು. ಗಮನಿಸಿರಿ, ಆ ಪ್ರತಿಜ್ಞೆ ಮಾಡಿದವರು ವಿಗ್ರಹಾರಾಧಕರು. ಸಭೆ ಸೇರಿದ್ದು ಮುಸ್ಲಿಮನ ಮನೆಯಲ್ಲಲ್ಲ. ಪರದೇಶಿಯ ಹಕ್ಕಿನ ಪ್ರಶ್ನೆ ಬಂದಾಗ, ಹೇಳಿದವನು ಯಾರೆಂದು ಪ್ರವಾದಿ(ಸ) ಕೇಳಲಿಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರಲ್ಲಿ ದೋಹಾದಲ್ಲಿ ಕಚೇರಿ ತೆರೆದು ಕೂಲಿಯವನ ಬಾಕಿ ಸಂಬಳದ ವಿಷಯವೆತ್ತಿದರೆ ಮುಸ್ಲಿಮನು ಮುಖ ಸಿಂಡರಿಸಬೇಕಾದ ಕಾರಣವೇನು? ನಾವೇ ಮೊದಲು ಎತ್ತಬೇಕಾಗಿದ್ದ ಪ್ರಶ್ನೆಯನ್ನು ಬೇರೆಯವರು ಎತ್ತಿದರಲ್ಲಾ ಎಂದು ನಾಚಬೇಕು, ಅಷ್ಟೇ.

ಇನ್ನು ಕರಾರು ಹೇಗಿರಬೇಕೆಂದು ತಿಳಿಯಬೇಕಾದರೆ ಅಲ್ ಕಸಸ್ ಅಧ್ಯಾಯದ 22ರಿಂದ 29ರವರೆಗಿನ ಸೂಕ್ತಗಳನ್ನು ಮನೆಯವರನ್ನೆಲ್ಲ ಕೂರಿಸಿಕೊಂಡು ಓದಿರಿ. ಮೂಸಾ(ಅ) ಈಜಿಪ್ಟಿನಿಂದ ಪ್ರಾಣ ಉಳಿಸಿಕೊಂಡು ಓಡಿ ಮದ್‌ಯನ್ ತಲುಪಿದ್ದಾರೆ. ಕೈಯಲ್ಲಿ ಕಾಸಿಲ್ಲ, ಪರಿಚಯದವರಿಲ್ಲ. ಬಾವಿಯ ಬಳಿ ಇಬ್ಬರು ಹೆಣ್ಣು ಮಕ್ಕಳ ಕುರಿಗಳಿಗೆ ನೀರು ಕುಡಿಸಿ, ನೆರಳಿಗೆ ಸರಿದು, ತನ್ನ ಬಡತನವನ್ನು ಅಲ್ಲಾಹನ ಮುಂದಿಟ್ಟು ಪ್ರಾರ್ಥಿಸುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಅವರಲ್ಲೊಬ್ಬಾಕೆ ನಾಚುತ್ತಾ ಬಂದು, ನೀರು ಕುಡಿಸಿದ್ದಕ್ಕೆ ಪ್ರತಿಫಲ ಕೊಡಲು ತಂದೆ ಕರೆಯುತ್ತಿದ್ದಾರೆಂದು ತಿಳಿಸುತ್ತಾಳೆ. ಮೂಸಾ(ಅ) ಕೂಲಿ ಕೇಳಿರಲಿಲ್ಲ. ಕೇಳುವ ಮೊದಲೇ ಕೂಲಿ ಅವರನ್ನು ಹುಡುಕಿಕೊಂಡು ಬಂತು. ಬೆವರು ಆರುವ ಮುನ್ನ ಕಾರ್ಮಿಕನ ಕೂಲಿ ಕೊಡಬೇಕೆಂಬ ಪ್ರವಾದಿ ಬೋಧನೆಯನ್ನು ನಾವೆಲ್ಲ ಭಾಷಣಗಳಲ್ಲಿ ಕೇಳಿದ್ದೇವೆ. ಮದ್‌ಯನ್‌ನ ಆ ವೃದ್ಧರು ಅದನ್ನು ಎಷ್ಟೋ ಶತಮಾನಗಳ ಹಿಂದೆಯೇ ಮಾಡಿ ತೋರಿಸಿದ್ದರು.

ಮನೆಗೆ ಬಂದ ಮೂಸಾರಿಗೆ(ಅ) ಆ ವೃದ್ಧರು ಮೊದಲು ಹೇಳಿದ್ದು ಅಂಜಬೇಡ ಎಂಬ ಮಾತು. ಕೆಲಸದ ವಿಷಯ ಬಂದದ್ದು ಆಮೇಲೆ. ತನ್ನ ಮಗಳನ್ನು ವಿವಾಹ ಮಾಡಿಕೊಡುತ್ತೇನೆ, ಅದಕ್ಕೆ ಪ್ರತಿಯಾಗಿ ಎಂಟು ವರ್ಷ ದುಡಿಯಬೇಕು, ಹತ್ತು ಪೂರ್ತಿಗೊಳಿಸುವುದಾದರೆ ಅದು ನಿನ್ನಿಷ್ಟ ಎಂದರು. ಹೆಚ್ಚುವರಿ ಎರಡು ವರ್ಷದ ಆಯ್ಕೆ ಯಾರ ಕೈಯಲ್ಲಿದೆ ನೋಡಿದಿರಾ? ಕೆಲಸಗಾರನ ಕೈಯಲ್ಲಿ. ನಿನ್ನನ್ನು ಕಷ್ಟಕ್ಕೆ ಗುರಿಮಾಡುವ ಇಚ್ಛೆ ನನಗಿಲ್ಲ ಎಂದೂ ಸೇರಿಸಿದರು. ಮೂಸಾ(ಅ) ಒಪ್ಪಿ ಅಲ್ಲಾಹನನ್ನು ಸಾಕ್ಷಿಯಾಗಿರಿಸಿದರು. ಅವರು ದೀರ್ಘವಾದ ಅವಧಿಯನ್ನೇ ಪೂರ್ತಿಗೊಳಿಸಿದರೆಂದು ಇಬ್ನು ಅಬ್ಬಾಸ್(ರ) ತಿಳಿಸಿದ್ದಾರೆ. ಬಳಿಕ ಕುಟುಂಬದೊಂದಿಗೆ ಹೊರಟರು. ಎಕ್ಸಿಟ್ ಪರ್ಮಿಟ್ ಕೇಳಿದ ಪ್ರಸ್ತಾಪ ಕುರ್‌ಆನಿನಲ್ಲೆಲ್ಲೂ ಇಲ್ಲ!

ಇಲ್ಲಿಯ ತನಕ ಓದಿ ನೀವು ತಲೆದೂಗಿರಬಹುದು. ಅರಬನ ತಪ್ಪು ಹೇಳುವಾಗ ತಲೆದೂಗುವುದು ಸುಲಭ. ಈಗ ನಮ್ಮ ಮನೆಯೊಳಗೆ ಬರೋಣ.

ಆ ಹುಡುಗನಿಗೆ ವೀಸಾ ಮಾರಿದವನು ಯಾರು? ಹತ್ತರಲ್ಲಿ ಎಷ್ಟೋ ಸಲ ಅರಬನಲ್ಲ, ನಮ್ಮವನೇ. ಭಾವ, ಚಿಕ್ಕಪ್ಪ, ಅದೇ ಮೊಹಲ್ಲಾದ ಹಾಜಿಯವರು. ‘ಫ್ರೀ ವೀಸಾ’ ಎಂದು ಅದಕ್ಕೊಂದು ಸುಂದರ ಹೆಸರು. ಅದರಲ್ಲಿ ಫ್ರೀ ಯಾವುದೂ ಇಲ್ಲ. ಕಾಗದದಲ್ಲಿ ಒಬ್ಬ ಕಫೀಲ್, ಅವನ ಬಳಿ ಕೆಲಸವೇ ಇಲ್ಲ. ಹುಡುಗ ಹೊರಗೆ ಕೆಲಸ ಹುಡುಕಿಕೊಳ್ಳಬೇಕು, ಪ್ರತಿ ತಿಂಗಳು ಅಥವಾ ವರ್ಷಕ್ಕೊಮ್ಮೆ ಕಫೀಲ್‌ಗೆ ಹಣ ಕಟ್ಟಬೇಕು, ಸಿಕ್ಕಿಬಿದ್ದರೆ ಜೈಲು ಮತ್ತು ಗಡೀಪಾರು. ವೀಸಾ ಕೊಡಿಸಿದವನು ಆ ವೇಳೆಗೆ ಊರಿನಲ್ಲಿ ಮನೆಗೆ ಮಾರ್ಬಲ್ ಹಾಕಿಸುತ್ತಿರುತ್ತಾನೆ. ಇತ್ತ ಹುಡುಗನ ತಾಯಿಯ ಬಳೆ ಅಡವಿಟ್ಟ ಅಂಗಡಿಯಲ್ಲಿ ಬಡ್ಡಿ ಬೆಳೆಯುತ್ತಿರುತ್ತದೆ. ಬಡ್ಡಿ ಹರಾಮ್ ಎಂದು ನಾವು ಆಕೆಗೆ ಬೋಧಿಸುತ್ತೇವೆ. ಆಕೆಯನ್ನು ಬಡ್ಡಿಯಂಗಡಿಗೆ ಕಳುಹಿಸಿದವನನ್ನು ಮಸೀದಿಯ ಸಮಿತಿಗೆ ಆರಿಸುತ್ತೇವೆ.

ಇದರಲ್ಲಿ ತಪ್ಪೇನು, ನಾನೂ ಹಣ ಕೊಟ್ಟೇ ವೀಸಾ ತಂದಿದ್ದೇನೆ ಎಂದು ಅವರು ವಾದಿಸುತ್ತಾರೆ. ಟಿಕೆಟ್, ಮೆಡಿಕಲ್, ಸ್ಟ್ಯಾಂಪಿಂಗ್ ಮುಂತಾದ ನಿಜವಾದ ಖರ್ಚನ್ನು ಲೆಕ್ಕ ತೋರಿಸಿ ಪಡೆಯುವುದರಲ್ಲಿ ತಪ್ಪಿಲ್ಲ. ಆದರೆ ಕಫಾಲತ್, ಅಂದರೆ ಜಾಮೀನು ನಿಲ್ಲುವುದು, ಉಪಕಾರದ ಕೆಲಸ. ಅದಕ್ಕೆ ಸಂಭಾವನೆ ಪಡೆಯಬಾರದೆಂಬುದು ಬಹುಪಾಲು ಕರ್ಮಶಾಸ್ತ್ರ ಪಂಡಿತರ ಅಭಿಪ್ರಾಯ. ವೀಸಾ ಮಾರಾಟ ಮತ್ತು ಇಖಾಮದ ಹೆಸರಿನಲ್ಲಿ ತಿಂಗಳ ವಸೂಲಿ ಧರ್ಮಸಮ್ಮತವಲ್ಲವೆಂದು ಸೌದಿಯ ವಿದ್ವಾಂಸರೇ ಫತ್ವಾ ನೀಡಿದ್ದಾರೆ. ಅದರ ಮೇಲೆ ಸುಳ್ಳು ಬೇರೆ. ಅಂಗಡಿಯಲ್ಲಿ ಸೇಲ್ಸ್‌ಮ್ಯಾನ್ ಕೆಲಸವೆಂದು ಹೇಳಿ ಕಳುಹಿಸಿದ ಹುಡುಗ ಮರುಭೂಮಿಯಲ್ಲಿ ಇಳಿಯುವಾಗ ಅವನ ವೀಸಾದಲ್ಲಿ ಕುರಿ ಕಾಯುವವನೆಂದು ಬರೆದಿರುತ್ತದೆ. ಅವನಿಗೆ ಅರಬಿ ಓದಲು ಬರುತ್ತದೆ, ಕುರ್‌ಆನ್ ಓದಿದವನಲ್ಲವೇ! ಅರ್ಥ ಗೊತ್ತಿರಲಿಲ್ಲ, ಅಷ್ಟೇ. ನಮ್ಮ ದೇಶದ ನಿಯಮದಲ್ಲಿ ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಸೇವಾಶುಲ್ಕ ಪಡೆಯುವಂತಿಲ್ಲ. ಏಜೆಂಟನ ನೋಂದಣಿಯನ್ನು ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್‌ನಲ್ಲಿ ಯಾರೂ ಪರಿಶೀಲಿಸಬಹುದು. ಮದುವೆಗೆ ಹುಡುಗನ ವಿಚಾರಣೆಗೆ ನಾಲ್ಕು ಊರು ಸುತ್ತುವ ನಾವು ಮಗನನ್ನು ವಿಮಾನ ಹತ್ತಿಸುವಾಗ ಒಂದು ಕಾಗದವನ್ನೂ ಓದಿಸಿ ನೋಡುವುದಿಲ್ಲ.

ಗಲ್ಫಿನಲ್ಲಿ ಬಕಾಲ, ಕೆಫೆಟೇರಿಯ ನಡೆಸುವ ನಮ್ಮ ಸಹೋದರರಿಗೂ ಒಂದು ಮಾತು. ಊರಿನ ಹುಡುಗರನ್ನು ಕರೆಸಿ ದಾರಿ ತೋರಿದವರು ನೀವು. ಎಷ್ಟೋ ಮನೆಗಳ ಒಲೆ ನಿಮ್ಮಿಂದ ಉರಿದಿದೆ, ಅಲ್ಲಾಹನು ಪ್ರತಿಫಲ ನೀಡಲಿ. ಆದರೆ ಮನೆಯವನಂತೆ ನೋಡಿಕೊಳ್ಳುತ್ತೇನೆ ಎಂಬ ಮಾತಿನ ಮರೆಯಲ್ಲಿ ಸಂಬಳವೆಷ್ಟು, ದುಡಿಮೆ ಎಷ್ಟು ಗಂಟೆ, ರಜೆ ಎಂದು ಎಂಬುದು ಬರೆಯದೆ ಉಳಿಯುತ್ತದೆ. ಸಾಲದ ವ್ಯವಹಾರವನ್ನು ಬರೆದಿಡಿರೆಂದು ಕುರ್‌ಆನಿನ ಅತಿ ದೀರ್ಘ ಸೂಕ್ತವೇ ಆದೇಶಿಸಿರುವಾಗ, ಅಣ್ಣನ ಮಗನೆಂಬ ಕಾರಣಕ್ಕೆ ಹದಿನೈದು ಗಂಟೆ ದುಡಿಸುವುದು ಎಲ್ಲಿಯ ಕುಟುಂಬಪ್ರೇಮ? ಕಳೆದುಹೋಗಬಾರದೆಂದು ಪಾಸ್‌ಪೋರ್ಟ್ ಇಟ್ಟುಕೊಂಡಿದ್ದೇನೆ ಎನ್ನುತ್ತೀರಿ. ಸರಿ, ಹಾಗಾದರೆ ಅದು ಅಮಾನತ್. ಕೇಳಿದ ಕ್ಷಣ ಹಿಂದಿರುಗಿಸಬೇಕು. ಸೌದಿ, ಯುಎಇ, ಕತಾರ್‌ಗಳ ಕಾನೂನೂ ಅದನ್ನು ಹಿಡಿದಿಟ್ಟುಕೊಳ್ಳುವುದನ್ನು ನಿಷೇಧಿಸಿದೆ. ಅಲ್ಲಿ ಕುಟುಂಬ ಸಮೇತ ನೆಲೆಸಿದ ಸಹೋದರಿಯರು ತಮ್ಮ ಮನೆಯ ಕೆಲಸದಾಕೆಯ ವಿಷಯದಲ್ಲೂ ಇದನ್ನು ಅನ್ವಯಿಸಿಕೊಳ್ಳಲಿ. ಆಕೆ ಶ್ರೀಲಂಕಾದ ಬೌದ್ಧಳಿರಬಹುದು, ಫಿಲಿಪ್ಪೀನಿನ ಕ್ರೈಸ್ತಳಿರಬಹುದು. ನಾವು ಉಣ್ಣುವುದನ್ನೇ ಅಧೀನದವರಿಗೆ ಉಣಿಸಬೇಕು, ಶಕ್ತಿಮೀರಿದ ಕೆಲಸ ಹೇರಬಾರದು, ಹೇರಿದರೆ ಕೈಜೋಡಿಸಬೇಕೆಂದು ಪ್ರವಾದಿವರ್ಯರು(ಸ) ಅಬೂದರ್‌ರಿಗೆ(ರ) ನೀಡಿದ ಉಪದೇಶ ಆಕೆಯ ಬಗ್ಗೆಯೂ ಆಗಿದೆ. ಪೂರ್ತಿ ಕೆಲಸ ಪಡೆದು ಕೂಲಿ ಕೊಡದವನ ವಿರುದ್ಧ ಅಂತ್ಯದಿನ ಅಲ್ಲಾಹನೇ ಪ್ರತಿವಾದಿಯಾಗಿ ನಿಲ್ಲುವನೆಂದು ಬುಖಾರಿಯ ಹದೀಸಿನಲ್ಲಿದೆ. ಆ ಕೂಲಿಯವನ ಮತ ಯಾವುದೆಂದು ಅಲ್ಲಿ ಹೇಳಿಲ್ಲ.

ಊರಿನಲ್ಲಿರುವವರೂ ಪಾರಾಗುವಂತಿಲ್ಲ. ಮೀನಿನ ಧಕ್ಕೆಯಲ್ಲಿ, ಕಟ್ಟಡದ ಕೆಲಸದಲ್ಲಿ, ಹೊಟೇಲಿನ ಅಡುಗೆಮನೆಯಲ್ಲಿ ಒಡಿಶಾ, ಜಾರ್ಖಂಡ್, ಬಂಗಾಳ, ಅಸ್ಸಾಮಿನಿಂದ ಬಂದವರಿದ್ದಾರೆ. ಅವರು ಪರದೇಶಿಗಳೂ ಅಲ್ಲ, ಇದೇ ದೇಶದ ಪ್ರಜೆಗಳು. ಆದರೂ ನಮ್ಮ ಬಾಯಲ್ಲಿ ಅವರಿಗೆ ಹೆಸರಿಲ್ಲ, ಎಲ್ಲರೂ ‘ಹಿಂದಿಯವರು’. ನಮ್ಮ ಮಕ್ಕಳನ್ನು ಅಲ್ಲಿ ‘ಹಿಂದಿ’ ಎಂದು ಕರೆದಾಗ ನೋವಾಗುತ್ತದಲ್ಲವೇ?

ರಮಝಾನ್ ಬರುತ್ತಿದ್ದಂತೆ ನೀವು ಝಕಾತ್‌ನ ಲೆಕ್ಕ ಹಾಕಲು ಕೂರುವಿರಿ. ಊಟ ವಸತಿಯಿಲ್ಲದೆ ಪರದೇಶದಲ್ಲಿ ಸಿಲುಕಿದ ಕಾರ್ಮಿಕನ ಟಿಕೆಟಿಗೆ ಝಕಾತ್ ಕೊಡಬಹುದೇ ಎಂದು ಕೇಳುವವರಿದ್ದಾರೆ. ಕೊಡಬಹುದು. ಅತ್ತೌಬಾ ಅಧ್ಯಾಯದ 60ನೇ ಸೂಕ್ತ ಹೇಳುವ ಎಂಟು ವರ್ಗಗಳಲ್ಲಿ ದಾರಿಹೋಕನೂ ಒಬ್ಬ. ಆದರೆ ಒಂದು ಎಚ್ಚರ. ನಿಮ್ಮ ಕೆಲಸಗಾರನಿಗೆ ಬಾಕಿಯಿಟ್ಟ ಸಂಬಳವನ್ನು ಕೊಟ್ಟು ಅದನ್ನು ಝಕಾತ್ ಎಂದು ಬರೆದುಕೊಳ್ಳಬೇಡಿರಿ. ಅದು ಅವನದೇ ಹಣ. ವೀಸಾದ ಹೆಸರಿನಲ್ಲಿ ಅನ್ಯಾಯವಾಗಿ ಪಡೆದುದೂ ಹಾಗೆಯೇ, ಅದು ನಿಮ್ಮ ಆಸ್ತಿಯ ಸಾಲಿನಲ್ಲಿಲ್ಲ, ಸಾಲದ ಸಾಲಿನಲ್ಲಿದೆ. ಮೊದಲು ಅದನ್ನು ಹಿಂದಿರುಗಿಸಿರಿ. ಕೊಡಬೇಕಾದವನು ತೀರಿಕೊಂಡಿದ್ದರೆ ಅವನ ವಾರೀಸುದಾರರಿಗೆ ತಲುಪಿಸಿರಿ. ಎಷ್ಟು ಹುಡುಕಿದರೂ ಯಾರೂ ಸಿಗದಿದ್ದರೆ ಅವನ ಹೆಸರಿನಲ್ಲಿ ದಾನ ಮಾಡಿರಿ. ಅದಾದ ಮೇಲೆ ಉಳಿದುದನ್ನು ಎಣಿಸಿ, ನಲ್ವತ್ತರಲ್ಲೊಂದು ಪಾಲನ್ನು ಬೇರೆ ತೆಗೆಯಿರಿ.